ಹಿಂಬಾಗಿಲ ಉಪ್ಪುಸಾರು

ಈಗಿನ ಕಾಲದಲ್ಲಿ ಸಿದ್ಧ ಊಟವನ್ನೇ ಪೊಟ್ಟಣದಲ್ಲಿ ಕೊಳ್ಳುವವರು ಅದನ್ನು ತಿರುಗಿಸಿ, ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರ ಓದುತ್ತಾರೆ. ಎಣ್ಣೆ ಎಷ್ಟು, ಉಪ್ಪು ಎಷ್ಟು ಎಂದು ವಿಚಾರಿಸುತ್ತಾರೆ. ಮುಂಬದಿಯಲ್ಲಿ ಹಸಿರು ಎಲೆಯ ಚಿತ್ರ, ನಗುವ ಹೆಂಗಸಿನ ಚಿತ್ರ ಇರುತ್ತದೆ. ಅದನ್ನು ನಂಬದೆ ಹಿಂದೆ ನೋಡುವ ಬುದ್ಧಿ ಒಳ್ಳೆಯದೇ. ನಾನು ಆ ಬುದ್ಧಿ ಕಲಿತದ್ದು ಇಂಥ ಪೊಟ್ಟಣಗಳು ಹುಟ್ಟುವ ಮೊದಲು, ಐವತ್ತರ ದಶಕದ ಕೊನೆಯಲ್ಲಿ, ಮಧುಗಿರಿಯ ಒಂದು ಹೋಟ್ಲಿನ ಹಿತ್ತಲಲ್ಲಿ. ಕಲಿಸಿದ ಮೇಷ್ಟ್ರು ನನ್ನ ಹೊಟ್ಟೆ.

ನನ್ನದು ಹುಣಸೆಹಣ್ಣಿನ ವ್ಯಾಪಾರ, ಮನೆ ಕೊರಟಗೆರೆ. ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಒಂದು ತಕ್ಕಡಿ, ಅದಕ್ಕೂ ಒಂದು ಕಡೆಯ ತಟ್ಟೆ ಇರಲಿಲ್ಲ. ಅಲ್ಲಿಂದ ಶುರುಮಾಡಿ, ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಎಷ್ಟು ಮೂಟೆ ಇಳಿಯುತ್ತದೆಂದು ಹೇಳುವಷ್ಟು ಪಳಗಿದೆ. ಕಾಯಿ ಮರದ ಮೇಲಿರುವಾಗಲೇ ಗುತ್ತಿಗೆ ಮಾತಾಡುವುದು ನಮ್ಮ ಕಡೆಯ ಪದ್ಧತಿ. ಮರದ ಯಜಮಾನ ಕೊಂಬೆಕೊಂಬೆ ತೋರಿಸಿ ಹೊಗಳುತ್ತಾನೆ, ನಾನು ಮರಕ್ಕೆ ಕಾಯಿಲೆ ಬಂದಿದೆಯೇನೋ ಎಂಬಂತೆ ಮುಖ ಮಾಡಿಕೊಂಡು ನಿಲ್ಲುತ್ತೇನೆ. ಆ ಮುಖ ಕಲಿಯುವುದಕ್ಕೆ ವರ್ಷಗಟ್ಟಲೆ ಬೇಕು. ಶಿವರಾತ್ರಿ ಕಳೆದು ಹಣ್ಣು ಬಡಿದ ಮೇಲೆ ಶಿರಾ, ಪಾವಗಡ, ಮಧುಗಿರಿ ಎಂದು ಬಸ್ಸಿನಲ್ಲಿ ಸುತ್ತು ಹೊಡೆಯಬೇಕು. ಅಂಗಡಿಗಳಿಗೂ ಮಾರುತ್ತಿದ್ದೆ, ಹೋಟ್ಲುಗಳಿಗೂ ಮಾರುತ್ತಿದ್ದೆ.

ಮನೆಯ ಹೆಂಗಸರು ನಾರು, ಬೀಜ ಬಿಡಿಸಿದ ಕೆಂಪು ಹಣ್ಣನ್ನೇ ಮೂಸಿ ನೋಡಿ ಕೊಳ್ಳುತ್ತಾರೆ. ಹೋಟ್ಲಿನವರು ಹಾಗೆಲ್ಲ ಮೂಗಿಗೆ ತೊಂದರೆ ಕೊಡುವವರಲ್ಲ. ಹೋದ ವರ್ಷದ್ದು, ಕರ್ರಗಾದದ್ದು, ಬೀಜ, ನಾರು, ಒಂದಿಷ್ಟು ಮಣ್ಣು ಎಲ್ಲ ಇದ್ದದ್ದೇ ಅವರಿಗೆ ಬೇಕು. ಸಾಂಬಾರಿನ ಕೊಳದಪ್ಪಲೆಯಲ್ಲಿ ಎಲ್ಲವೂ ಒಂದೇ ಬಣ್ಣವಾಗುತ್ತದೆ. ಯಾವ ಹೋಟ್ಲು ಎಂಥ ಹುಣಸೆ ಕೊಳ್ಳುತ್ತದೆಂದು ನಾಲ್ಕು ತಾಲ್ಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಬಲ್ಲವನಾಗಿಯೂ ಅಲ್ಲೇ ಎಲೆ ಹಾಕಿಸಿಕೊಂಡು, 'ಇನ್ನೊಂದು ಸೌಟು ಹಾಕಪ್ಪ' ಎನ್ನುತ್ತಿದ್ದೆ. ಚೌಕಾಸಿಯಲ್ಲಿ ಹೆಸರು ಮಾಡಿದವನ ಬುದ್ಧಿ ಹಸಿದಾಗ ಬಸ್‌ಸ್ಟ್ಯಾಂಡಿನಲ್ಲೇ ಇಳಿದುಹೋಗುತ್ತಿತ್ತು.

ಒಂದು ಹಂಗಾಮಿನಲ್ಲಿ ಹೊಟ್ಟೆ ಲೆಕ್ಕ ಕೇಳಿತು. ಎದೆಯ ಕೆಳಗೆ ಯಾರೋ ಕೆಂಡ ಇಟ್ಟು ಊದುತ್ತಿರುವಂತೆ ಉರಿ. ಪಾವಗಡದಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ತಲೆ ಕೊಟ್ಟು ಕೂತಿದ್ದೆ, ಪಕ್ಕದವರು ಭಕ್ತಿಯೆಂದುಕೊಂಡರು. ಮಧುಗಿರಿಯಲ್ಲಿ ಇಳಿದು ಡಾಕ್ಟರ ಹತ್ತಿರ ಹೋದೆ. ಅವರು ಹೊಟ್ಟೆ ಒತ್ತಿದರು, ನಾನು ಕೂಗಿದೆ.

"ಏನು ಊಟ ಮಾಡ್ತೀರಿ?"

"ಹೋಟ್ಲೂಟ ಸಾರ್."

"ಏನು ವ್ಯಾಪಾರ?"

"ಹುಣಸೆಹಣ್ಣು."

ಡಾಕ್ಟರು ಪೆನ್ನು ಕೆಳಗಿಟ್ಟು ಮನಸಾರೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದ್ದು ಇಷ್ಟು: ಹುಳಿ ಬೇಡ, ಖಾರ ಬೇಡ, ಕರಿದದ್ದು ಬೇಡ. ಹಂಗಾಮು ಮುಗಿಯುವುದರೊಳಗೆ ಉರಿ ತಗ್ಗಿದರೆ ಸರಿ. ಇಲ್ಲದಿದ್ದರೆ ಊರೂರು ಸುತ್ತುವುದನ್ನು ಬಿಟ್ಟು ಮನೆಯಲ್ಲಿ ಕೂರಬೇಕು, ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ದೊಡ್ಡಾಸ್ಪತ್ರೆ, ಕತ್ತಿ. "ಮಾರೋದು ಮಾರಿ. ತಿನ್ನಬೇಡಿ" ಅಂದರು. ಇಷ್ಟು ಸುಲಭದ ವಿದ್ಯೆ ಹೇಳಿಕೊಡಲು ಅಷ್ಟು ವರ್ಷ ಓದಿದ್ದರು ಪಾಪ.

ಕತ್ತಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಮನೆಯಲ್ಲಿ ಕೂರುವ ಮಾತು. ಮನೆಯಲ್ಲಿ ನನ್ನ ಹೆಂಡತಿಯ ತಮ್ಮ ಇದ್ದ. ಸುದ್ದಿ ಕೇಳಿದ್ದೇ ತಡ, ನನ್ನ ಕೈಚೀಲವನ್ನು ಗೂಟದಿಂದ ಇಳಿಸಿ ಧೂಳು ಕೊಡವಿದ.

"ಈ ಸುತ್ತು ನಾನೋಗ್ತೀನಿ ಬುಡಿ ಭಾವ. ನೀವು ಮನೇಲಿ ಅಂಬ್ಲಿ ಕುಡ್ಕಂಡು ಆರಾಮಾಗಿರಿ."

ಎಷ್ಟು ಕಾಳಜಿ! ಮರದ ಯಜಮಾನ ಹೇಳಿದ ಮೊದಲ ಮಾತಿಗೇ 'ಆಗಲಿ' ಎನ್ನುವ ಹುಡುಗ. ಒಂದು ಹಂಗಾಮು ಅವನು ಸುತ್ತಿದರೆ ಸಾಕು, ಆಮೇಲೆ ಯಾವ ಯಜಮಾನನೂ ನನ್ನ ಮುಖಕ್ಕೆ ಬೆಲೆ ಕೊಡುತ್ತಿರಲಿಲ್ಲ. ಚೀಲ ಕಿತ್ತುಕೊಂಡೆ. ಹೆಂಡತಿ ಮೊಸರನ್ನದ ಬುತ್ತಿ ಕಟ್ಟಿಕೊಟ್ಟಳು. ಆ ಬಿಸಿಲಿಗೆ ಮಾರನೆಯ ಮಧ್ಯಾಹ್ನ ಬಿಚ್ಚಿದರೆ, ಡಾಕ್ಟರು ಬೇಡವೆಂದ ಹುಳಿಯೆಲ್ಲ ಅದರೊಳಗೇ ಹುಟ್ಟಿ ನೊರೆಯಾಡುತ್ತಿತ್ತು. ಅದನ್ನು ನಾಯಿಗಿಟ್ಟೆ, ಅದು ಮೂಸಿ ನನ್ನನ್ನೇ ಒಂದು ಸಲ ನೋಡಿ ಹೋಯಿತು.

ಹಾಗಾಗಿ ಹೋಟ್ಲಿನಲ್ಲೇ ಹೊಟ್ಟೆಗೆ ಹಿತವಾದದ್ದನ್ನು ಆರಿಸಬೇಕಾಯಿತು. ನೀವೂ ಎಂದಾದರೂ ಆರಿಸಹೊರಟರೆ ನನ್ನ ಅನುಭವ ಕೇಳಿಕೊಳ್ಳಿ. ಇಡ್ಲಿ ಬೇಯಿಸಿದ್ದು, ಒಳ್ಳೆಯದು ಎಂದುಕೊಂಡೆ. ಅದು ಅಷ್ಟು ಉಬ್ಬಿರುವುದು ಸೋಡದ ಕೃಪೆಯೆಂದು ರಾತ್ರಿ ನನ್ನ ಹೊಟ್ಟೆಯೂ ಅಷ್ಟೇ ಉಬ್ಬಿದಾಗ ತಿಳಿಯಿತು. ಉಪ್ಪಿಟ್ಟು ತಗೊಂಡರೆ ವನಸ್ಪತಿ ಬೆರಳ ಸಂದಿನಲ್ಲಿ ಇಳಿಯುತ್ತಿತ್ತು. ಗೋಡೆಯ ಮೇಲೆ 'ಶುದ್ಧ ತುಪ್ಪದ ತಿಂಡಿಗಳು' ಎಂದು ಬರೆದಿದ್ದರು. ತುಪ್ಪವನ್ನೆಲ್ಲ ಆ ಬಣ್ಣಕ್ಕೇ ಕಲಸಿ ಖರ್ಚುಮಾಡಿರಬೇಕು. ಬರೀ ಅನ್ನ, ಮೊಸರು ಹಾಕಪ್ಪ ಎಂದರೆ, ಮೊಸರು ನನ್ನ ಹುಣಸೆಯನ್ನೇ ನಾಚಿಸುವಷ್ಟು ಹುಳಿ.

ಶಿರಾದಲ್ಲಿ ನನ್ನಿಂದ ಹುಣಸೆ ಕೊಳ್ಳುವ ಸಾಹೇಬರೊಬ್ಬರ ಕಿರಾಣಿ ಅಂಗಡಿ ಇತ್ತು. ಅವರ ಅಂಗಡಿಯ ಮೂಟೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತೆ. ಅವರು ಎಲ್ಲ ಕೇಳಿದರು.

"ಅರೆ ಸಾವ್ಕಾರ್, ಮಾಲು ತಗೊಳ್ಳೋವಾಗ ಮೂಟೆ ಬಾಯಲ್ಲಿರೋದು ನೋಡಿ ರೇಟು ಮಾತಾಡ್ತೀರೇನು?"

"ನಾನೇನು ದಡ್ಡನಾ ಸಾಹೇಬ್ರೆ? ತಳಕ್ಕೆ ಕೈ ಹಾಕಿ ತೆಗೀತೀನಿ."

"ಮತ್ತೆ ಹೋಟ್ಲಲ್ಲಿ ಮಾತ್ರ ಬಾಯಿ ನೋಡ್ಕೊಂಡು ಕೂತ್ಕೊಂತೀರಿ. ಅಲ್ಲೂ ತಳಕ್ಕೆ ಕೈ ಹಾಕಿ. ಹೋಟ್ಲು ಯಜಮಾನ ತಾನು ಏನು ತಿಂತಾನೆ, ಅದು ನೋಡಿ."

ನನಗೆ ಈ ಮಾತು ಹೊಳೆಯದೆ ಹೋದದ್ದಕ್ಕೆ ನನ್ನ ಸಾವ್ಕಾರಿಕೆಯೇ ಕಾರಣ. ಮೂಟೆಗಳು ಹೋಟ್ಲಿನ ಹಿಂಬಾಗಿಲಲ್ಲಿ ಇಳಿಯುತ್ತಿದ್ದವು, ಇಳಿಸುತ್ತಿದ್ದವರು ಹಮಾಲರು. ನಾನು ದೊಡ್ಡ ಮನುಷ್ಯ, ಮುಂದೆ ಗಲ್ಲಾದ ಪಕ್ಕ ಕುರ್ಚಿಯಲ್ಲಿ ಕೂತು ಪುಕ್ಕಟೆ ಕಾಫಿ ಕುಡಿಯುತ್ತಿದ್ದೆ. ಆ ಕಾಫಿಯೂ ಉರಿಯ ಪಾಲುದಾರನೇ.

ಅಂದಿನಿಂದ ಮೂಟೆಯ ಹಿಂದೆಯೇ ನಾನೂ ಹಿಂಬಾಗಿಲಿಗೆ ಹೊರಟೆ. ಶಿರಾದ ಹೋಟ್ಲಿನ ಯಜಮಾನ ಅಡಿಗೆಮನೆಯಲ್ಲಿ ಕೂತು, ಗಿರಾಕಿಗೆ ಕೊಡುವ ಪೂರಿಯನ್ನೇ, ಅದೇ ಬಾಣಲೆಯಿಂದ ತೆಗೆಸಿ, ಸಾಗು ಹಾಕಿಸಿಕೊಂಡು ತಿನ್ನುತ್ತಿದ್ದ. ಕಾಲು ಊದಿಕೊಂಡಿದ್ದವು, ಏದುಸಿರು ಬಿಡುತ್ತಿದ್ದ. ಅಷ್ಟು ಪ್ರಾಮಾಣಿಕ ಹೋಟ್ಲಿನವನನ್ನು ನಾನು ಆಮೇಲೆ ನೋಡಿಲ್ಲ. ಕೈಮುಗಿದು ಹೊರಬಂದೆ.

ಪಾವಗಡದಲ್ಲಿ ಒಬ್ಬ ವಿಧವೆ ಮನೆಯ ಜಗಲಿಯಲ್ಲೇ ಊಟ ಹಾಕುತ್ತಿದ್ದಳು. ಅವಳ ಹಿತ್ತಲಿಗೂ ಹೋದೆ. ಒರಳಿನಲ್ಲಿ ಒಣಮೆಣಸಿನಕಾಯಿ ರುಬ್ಬುತ್ತಿದ್ದಳು, ಗಾಳಿಗೇ ನನ್ನ ಕಣ್ಣಲ್ಲಿ ನೀರು ಬಂತು. "ಅಮ್ಮ, ಖಾರ ಹಾಕದೆ ಏನಾದ್ರೂ ಇಕ್ಕೋಕಾಗುತ್ತಾ?" ಎಂದೆ. ರುಬ್ಬುವ ಗುಂಡು ನಿಂತಿತು.

"ಕಾರಂ ಲೇದಾ? ಅದೇಂ ಕೂಡು ಸಾಮಿ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಖಾರವಿಲ್ಲದ್ದು ಅದೆಂಥ ಅನ್ನ ಎಂದು ಅವಳ ತಕರಾರು. "ಅಂಗೆ ಇಕ್ಕೋದು ಹೆಣಕ್ಕೆ. ನೀವಿನ್ನೂ ಉಸಿರಾಡ್ತಾ ಇದೀರಲ್ಲ!"

ಎರಡು ಬಾಳೆಹಣ್ಣು ಎಲ್ಲಿ ಸಿಗುತ್ತದೆಂದು ಅವಳನ್ನೇ ಕೇಳಿ, ಉಸಿರಾಡುತ್ತಲೇ ಬಂದುಬಿಟ್ಟೆ.

ಉಳಿದದ್ದು ಮಧುಗಿರಿ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟ್ಲಿಗೆ ಕರೀ ಹುಣಸೆಯನ್ನು ವರ್ಷವೂ ನಾನೇ ಹಾಕುತ್ತಿದ್ದೆ. ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ 'ಉಡುಪಿ' ಎಂದಿತ್ತು. ಯಜಮಾನ ಬಡವನಹಳ್ಳಿ ಪಕ್ಕದ ಹಳ್ಳಿಯವನು. ಸಮುದ್ರವೆಂದರೆ ಕೆರೆಗಿಂತ ಸ್ವಲ್ಪ ದೊಡ್ಡದಿರಬೇಕು ಎಂಬಷ್ಟು ಅವನಿಗೆ ಗೊತ್ತಿತ್ತು. ಗಲ್ಲಾದಲ್ಲಿ ಕೂತಾಗ "ಎಂತ ಬೇಕು ಮಾರಾಯ್ರೆ?" ಎಂದು ರಾಗ ಎಳೆಯುತ್ತಿದ್ದ. ಆ ರಾಗ ಕಲಿಯಲು ಒಬ್ಬ ಮಾಣಿಯನ್ನು ಕರಾವಳಿಯಿಂದ ಕರೆಸಿದ್ದನೆಂದು ಜನ ಆಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಬಸ್ಸುಗಳಿಲ್ಲದ ಹೊತ್ತು. ಮುಂಬಾಗಿಲು ಅರ್ಧ ಹಾಕಿತ್ತು. ಓಣಿ ಸುತ್ತಿಕೊಂಡು ಹಿಂದಕ್ಕೆ ಹೋಗಿ ಬಾಗಿಲು ತಳ್ಳಿದೆ. ಉಡುಪಿಯ ಯಜಮಾನರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಬೆಯಾಡುವ ರಾಗಿಮುದ್ದೆಯನ್ನು ಮುರಿಯುತ್ತಿದ್ದರು. ನನ್ನನ್ನು ಕಂಡಿದ್ದೇ ಹೆಗಲ ಮೇಲಿನ ಟವೆಲ್ಲನ್ನು ಎಳೆದು ತಟ್ಟೆಯ ಮೇಲೆ ಮುಚ್ಚಿದ. ಕದ್ದ ಮಾಲು ಮುಚ್ಚುವವನೂ ಅಷ್ಟು ಬೇಗ ಮುಚ್ಚುವುದಿಲ್ಲ. ಟವೆಲ್ಲಿನ ನಡುವೆ ಮುದ್ದೆ ಗೋಪುರದಂತೆ ಎದ್ದು ನಿಂತಿತ್ತು.

"ಏನ್ ಮಾರಾಯ್ರೆ ಅದು?" ಎಂದೆ.

"ಏನಿಲ್ಲ... ಲೇ, ಬಾಗ್ಲು ಹಾಕೇ!" ಎಂದು ಒಲೆಯ ಹತ್ತಿರ ಕೂತಿದ್ದ ಹೆಂಡತಿಗೆ ಹೇಳಿದ. ರಾಗ ಹೋಗಿ ಬಡವನಹಳ್ಳಿ ಬಂದಿತ್ತು. "ಯಾರ್ಗೂ ಏಳ್ಬೇಡಿ ಸಾವ್ಕಾರ್ರೆ. ಉಡುಪಿ ಹೋಟ್ಲಲ್ಲಿ ಮುದ್ದೆ ತಿರುವ್ತಾರೆ ಅಂತ ಗೊತ್ತಾದ್ರೆ ಮುಂದ್ಗಡೆ ಯಾರ್ ಬತ್ತಾರೆ?"

ಇದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಮನೆಯಲ್ಲಿ ಎಲ್ಲರೂ ಮುದ್ದೆ ಉಣ್ಣುತ್ತಿದ್ದರು, ಹೊರಗೆ ಬಂದಾಗ ಯಾರೂ ಉಣ್ಣುತ್ತಿರಲಿಲ್ಲ. ಕಾಸು ಕೊಟ್ಟು ತಿನ್ನುವುದಾದರೆ ಅನ್ನ ತಿನ್ನಬೇಕು, ಪೂರಿ ತಿನ್ನಬೇಕು, ಮನೆಯಲ್ಲಿ ಇರುವುದನ್ನೇ ತಿನ್ನಲು ಹೋಟ್ಲಿಗೇಕೆ ಬರಬೇಕು ಎಂಬ ಲೆಕ್ಕ. ಮಿಲಿಟರಿ ಹೋಟ್ಲಿನಲ್ಲಿ ಮುದ್ದೆ ಸಿಗುತ್ತಿತ್ತು, ಆದರೆ ಅದರ ಜೊತೆಗೆ ಸಿಗುವುದು ಮಾಂಸದ ಸಾರು, ನಮ್ಮಂಥ ಶಿವಪೂಜೆಯ ಮನೆಯವರು ಆ ಕಡೆ ತಲೆ ಹಾಕುವಂತಿರಲಿಲ್ಲ. ಹೀಗಾಗಿ ನಾಲ್ಕು ತಾಲ್ಲೂಕು ಸುತ್ತಿದರೂ ಸಸ್ಯಾಹಾರಿಗೆ ಒಂದು ಮುದ್ದೆ ಸಿಗುತ್ತಿರಲಿಲ್ಲ. ರಾಗಿ ಬೆಳೆಯುವ ಸೀಮೆಯಲ್ಲಿ!

ಟವೆಲ್ಲನ್ನು ನಾನೇ ತೆಗೆದು ನೋಡಿದೆ. ಮುದ್ದೆಯ ಪಕ್ಕದಲ್ಲಿ ಉಪ್ಪುಸಾರು. ಸೊಪ್ಪು, ಬೇಳೆ ಉಪ್ಪು ಹಾಕಿ ಬೇಯಿಸಿ ಬಸಿದ ತಿಳಿ ಅದು. ಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ ಅರೆದ ಖಾರವನ್ನು ಬೇರೆಯಾಗಿ ಇಟ್ಟಿರುತ್ತಾರೆ, ಬೇಕಾದವರು ಬೇಕಾದಷ್ಟು ಕಲಸಿಕೊಳ್ಳಬೇಕು. ಕಲಸದೆ ಬಿಟ್ಟರೆ ಹುಳಿಯಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ನನ್ನ ಡಾಕ್ಟರು ಹೇಳಿದ್ದೆಲ್ಲ ಒಂದು ಕಂಚಿನ ಬಟ್ಟಲಲ್ಲಿ.

ಹೊಟ್ಟೆಯ ಉರಿ, ಡಾಕ್ಟರ ಮಾತು ಎಲ್ಲ ಹೇಳಿ, "ನೀವುಣ್ಣೋದನ್ನೇ ನನಗೂ ಇಕ್ಕಿಸಿ" ಎಂದೆ.

"ಆಗಕಿಲ್ಲ. ಬೋರ್ಡ್ ನೋಡಿಲ್ವಾ?"

"ಬೋರ್ಡು ಮುಂದೈತೆ. ನಾನು ಹಿಂದೆ ಕೂತ್ಕೋತೀನಿ."

"ಸಾವ್ಕಾರ್ರೆ, ಮುಂದ್ಗಡೆ ಬನ್ನಿ, ಪೂರಿ ಬಿಸಿಯಾಗೈತೆ."

"ಅದು ಅಷ್ಟು ಚೆನ್ನಾಗಿದ್ರೆ ನೀವ್ಯಾಕೆ ಇಲ್ಲಿ ಕೂತಿದೀರಿ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಬುಡಿ ಅತ್ಲಾಗೆ, ಇನ್ನೊಂದ್ ಮುದ್ದೆ ಕಟ್ಟೋಕೆ ಏನ್ ಕಷ್ಟ? ಅಣ್ಣಾರು ಹೊಟ್ಟೆ ನೋವಿಂದ ಸತ್ರೆ ಹುಣ್ಸೆ ಯಾರ್ ತಂದಾರು?" ಎಂದಳು. ಇಷ್ಟು ಪ್ರೀತಿಯಿಂದ ನನ್ನ ಪರ ಯಾರೂ ವಕಾಲತ್ತು ಮಾಡಿಲ್ಲ.

ಅವನೂ ವ್ಯಾಪಾರಿ, ಸುಮ್ಮನೆ ಬಿಡಲಿಲ್ಲ. ಮುದ್ದೆ ಇಕ್ಕಿಸಬೇಕಾದರೆ ಇನ್ನು ಮೇಲೆ ಕಲ್ಲು ಮಣ್ಣು ಇರುವ ಮಾಲು ಬೇಡ, ಬಿಡಿಸಿದ ಕೆಂಪು ಹುಣಸೆಯನ್ನೇ ಅದೇ ದರಕ್ಕೆ ಹಾಕಬೇಕೆಂದ. ನಾನು ಕಾಯಿಲೆಯ ಮರ ನೋಡುವ ಮುಖ ಮಾಡಲು ಹೋದೆ, ಆದರೆ ಹೊಟ್ಟೆ ಉರಿಯುವಾಗ ಆ ಮುಖ ನಿಜವಾದದ್ದೇ ಆಗಿಬಿಡುತ್ತದೆ, ಯಾರೂ ಮೋಸಹೋಗುವುದಿಲ್ಲ. ಒಪ್ಪಿಕೊಂಡೆ. ಮಧುಗಿರಿಯ ಜನ ಆ ಹಂಗಾಮಿನಲ್ಲಿ ಕಲ್ಲಿಲ್ಲದ ಸಾಂಬಾರು ಉಂಡರೆ ಅದಕ್ಕೆ ನನ್ನ ಕರುಳಿಗೆ ವಂದನೆ ಹೇಳಬೇಕು. ಯಾರೂ ಹೇಳಲಿಲ್ಲ.

ಆಮೇಲೆ ಸುತ್ತನ್ನೇ ತಿರುಗಿಸಿಕೊಂಡೆ. ಶಿರಾಕ್ಕೆ ಹೋದರೆ ಬಡವನಹಳ್ಳಿಯ ಮೇಲೆ ಮಧ್ಯಾಹ್ನಕ್ಕೆ ಮಧುಗಿರಿಗೆ ವಾಪಸು, ಪಾವಗಡಕ್ಕೆ ಹೋಗುವ ದಿನ ಮುಂಜಾನೆಯೇ ಹಿತ್ತಲಲ್ಲಿ ಒಂದು ಮುದ್ದೆ ನುಂಗಿ ಬಸ್ಸು ಹತ್ತುವುದು. ಉರಿ ಇಳಿಯುತ್ತ ಬಂತು. ಡಾಕ್ಟರು ಮತ್ತೆ ಹೊಟ್ಟೆ ಒತ್ತಿದರು, ಈ ಸಲ ಕೂಗಲಿಲ್ಲ. "ಯಾವ ಔಷಧಿ ತಗೊಂಡ್ರಿ?" ಎಂದು ಅವರೇ ಕೇಳಿದರು. ಆದರೆ ಎಚ್ಚರಿಕೆಯನ್ನೂ ಕೊಟ್ಟರು: ಹೊಟ್ಟೆಯೊಳಗಿನ ಹುಣ್ಣು ಇನ್ನೂ ಹಸಿ, ಹಂಗಾಮು ಮುಗಿಯುವವರೆಗೆ ಇದೇ ಊಟ, ಒಂದು ಸಲ ಬಾಯಿ ಜಾರಿದರೆ ಮೊದಲಿನ ಜಾಗಕ್ಕೇ ಬರುತ್ತೀರಿ. ಮನೆಯಲ್ಲಿ ಭಾವಮೈದ ಚೀಲವನ್ನು ಗೂಟಕ್ಕೆ ತೂಗುಹಾಕಿದ. ಇಷ್ಟು ಬೇಗ ಗುಣವಾಗಬಾರದಿತ್ತು ಎಂದು ಅವನ ಮುಖ ಹೇಳುತ್ತಿತ್ತು.

ನನ್ನ ಬಾಯಿ ಜಾರಿತು, ಊಟದಲ್ಲಲ್ಲ, ಮಾತಿನಲ್ಲಿ. ಪಾವಗಡದ ಬಸ್ಸಿನ ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಓಡಿಸುವುದನ್ನು ಕಂಡೆ. ಘಾಟಿಯಂಥ ತಿರುವಿನಲ್ಲೂ ಹೊಟ್ಟೆಯನ್ನೇ ಹಿಡಿದಿದ್ದ. ನಮ್ಮೆಲ್ಲರ ಜೀವದ ದೃಷ್ಟಿಯಿಂದ ಸಲಹೆ ಕೊಡುವುದು ಅಗತ್ಯವಾಯಿತು. ಸಲಹೆ ಕೊಡುವಾಗ ನಾನು ಚೌಕಾಸಿ ಮಾಡುವವನಲ್ಲ, ಧಾರಾಳಿ. ಓಣಿ ಯಾವುದು, ಬಾಗಿಲು ಯಾವುದು, ಖಾರ ಕಲಸದೆ ಹೇಗೆ ಉಣ್ಣಬೇಕು ಎಂದು ಎಲ್ಲ ಹೇಳಿದೆ. "ಯಾರ್ಗೂ ಹೇಳ್ಬೇಡಪ್ಪ" ಎಂದೂ ಹೇಳಿದೆ. ಅವನು ಕಂಡಕ್ಟರಿಗೆ ಮಾತ್ರ ಹೇಳಿದ. ಕಂಡಕ್ಟರಿಗೆ ಹೇಳುವುದೂ ಡಂಗೂರ ಹಾಕಿಸುವುದೂ ಬೇರೆಬೇರೆಯಲ್ಲ.

ಮುಂದಿನ ಸುತ್ತಿಗೆ ಬಂದಾಗ ಹಿತ್ತಲ ಓಣಿಯಲ್ಲಿ ಚಪ್ಪಲಿಗಳ ರಾಶಿ. ಡ್ರೈವರುಗಳು, ಕೋರ್ಟಿನ ಗುಮಾಸ್ತರು, ಬಳೆ ಮಾರುವವರು. ಮುಂದೆ ಮೇಜುಗಳು ಖಾಲಿ, ಹಿಂದೆ ಕೂರಲು ಜಾಗವಿಲ್ಲ. ಯಜಮಾನ ನನ್ನನ್ನು ಕಂಡು ಹಲ್ಲು ಕಡಿದ. ಹಲ್ಲು ಕಡಿಯುತ್ತಲೇ ಯೋಚಿಸಿದ್ದ ಎಂಬುದು ಅದರ ಮುಂದಿನ ಸುತ್ತಿಗೆ ತಿಳಿಯಿತು.

'ಉಡುಪಿ'ಯ ಕೆಳಗೆ ಹೊಸ ಬಣ್ಣದಲ್ಲಿ 'ಮುದ್ದೆ ಊಟ ದೊರೆಯುತ್ತದೆ. ಹೊಟ್ಟೆಗೆ ತಂಪು' ಎಂದು ಬರೆಸಿದ್ದ. ಹೋಟ್ಲು ತುಂಬಿತ್ತು. ಮರ್ಯಾದೆ ಹೋಗುತ್ತದೆಂದು ಟವೆಲ್ಲು ಮುಚ್ಚಿದವನೇ ಗಲ್ಲಾದಿಂದ ಎದ್ದು ಬಂದು, "ಬನ್ನಿ ಮಾರಾಯ್ರೆ, ಇನ್ಮೇಲೆ ಹಿಂದ್ಗಡೆ ಕಳ್ಳರ ಹಂಗೆ ಯಾಕೆ?" ಎಂದು ಕೈಹಿಡಿದು ಮುಂದಿನ ಮೇಜಿನಲ್ಲಿ ಕೂರಿಸಿದ.

ಎಲೆ ಬಂತು. ಮುದ್ದೆಯ ತಲೆಯ ಮೇಲೆ ಗುಳಿ ಮಾಡಿ ಅದರ ತುಂಬ ವನಸ್ಪತಿ ಹುಯ್ದಿದ್ದರು. ಸಾರು ಕುಂಕುಮ ಕದಡಿದಂತಿತ್ತು, ಖಾರವನ್ನೆಲ್ಲ ಮೊದಲೇ ಕಲಸಿ, ಹುಣಸೆ ಹಿಂಡಿ, ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟಿದ್ದರು. ಪಕ್ಕದಲ್ಲೊಂದು ಕರಿದ ಮೆಣಸಿನಕಾಯಿ, ಅದು ಶಾಸ್ತ್ರಕ್ಕೆ.

"ಇದೇನ್ರೀ ಇದು?"

"ಬರೀ ಸಪ್ಪೆ ಇಕ್ಕಿದ್ರೆ ಕಾಸು ಕೊಟ್ಟೋರು ಸುಮ್ಕಿರ್ತಾರಾ? ರುಚಿ ಬೇಕಲ್ಲ. ಅಂದಂಗೆ, ಮುಂದಿನ ಸುತ್ತಿಗೆ ಹುಣ್ಸೆ ಎರಡಷ್ಟು ತನ್ನಿ. ಇದಕ್ಕೆ ಕರೀದೇ ಸಾಕು, ಬೀಜ ಇದ್ರೂ ಪರವಾಗಿಲ್ಲ."

ಎದುರು ಮೇಜಿನಲ್ಲಿ ನಮ್ಮ ಡ್ರೈವರು ಅದೇ ಊಟವನ್ನು ಉಸ್ ಉಸ್ ಎನ್ನುತ್ತ ಬಡಿಯುತ್ತಿದ್ದ. ನನ್ನನ್ನು ನೋಡಿ ಕೈಯೆತ್ತಿ, "ಸಾವ್ಕಾರ್ರೆ, ನೀವ್ ಹೇಳಿದ್ದು ಬಲು ಚೆನ್ನಾಗೈತೆ!" ಎಂದ. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಹುಣಸೆಯ ಮಾತಿಗೆ 'ಆಗಲಿ' ಎಂದೆ. ವ್ಯಾಪಾರ ಬೇಡವೆನ್ನುವಷ್ಟು ನನ್ನ ಕಾಯಿಲೆ ತಲೆಗೇರಿರಲಿಲ್ಲ. ಆದರೆ ಎಲೆ ಮುಟ್ಟಲಿಲ್ಲ. "ನೀವು ಊಟ ಮಾಡಿದ್ರಾ?" ಎಂದು ಯಜಮಾನನನ್ನು ಕೇಳಿದೆ.

ಅವನು ಗಲ್ಲಾದ ಕಡೆ, ಬಾಗಿಲ ಕಡೆ, ಗೋಡೆಯ ದೇವರ ಪಟದ ಕಡೆ ನೋಡಿದ. ನನ್ನ ಕಡೆ ಮಾತ್ರ ನೋಡಲಿಲ್ಲ.

ಕೈತೊಳೆಯುವ ನೆಪದಲ್ಲಿ ಎದ್ದು, ಓಣಿ ಸುತ್ತಿ ಹಿಂಬಾಗಿಲಿಗೆ ಹೋದೆ. ಈಗ ಒಳಗಿನಿಂದ ಅಗಣಿ ಹಾಕಿತ್ತು. ತಟ್ಟಿದೆ. ಹೆಂಡತಿ ಸಂದಿಯಲ್ಲಿ ನೋಡಿ ತೆಗೆದಳು. ಒಲೆಯ ಮೇಲೆ ಒಂದು ಸಣ್ಣ ಗಡಿಗೆ ಬೇರೆಯಾಗಿ ಕುದಿಯುತ್ತಿತ್ತು. ಖಾರ ಒರಳಿನಲ್ಲೇ ಇತ್ತು.

"ಮುಂದ್ಗಡೆ ಉಂಡ್ಬುಟ್ರೇನೋ ಅಂದ್ಕಂಡೆ ಅಣ್ಣ" ಎಂದಳು.

"ಅದು ಗಿರಾಕಿಗಳಿಗೆ ಕಣಮ್ಮ."

ಎರಡು ತಟ್ಟೆ ಇಟ್ಟಳು. ಯಜಮಾನನೂ ಮೆಲ್ಲಗೆ ಬಂದು ನನ್ನ ಪಕ್ಕ ಕೂತ. ಮೊದಲ ತುತ್ತು ಮುರಿದಿದ್ದೆವು. ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು, ಬಾಗಿಲಿನಾಚೆ ಡ್ರೈವರನ ದನಿ: "ಸಾವ್ಕಾರ್ರೆ, ಎಲೆ ಬಿಟ್ಟು ಎಲ್ಲೋದ್ರಿ? ಒಳಗೇನ್ ಮಾಡ್ತಿದೀರಿ? ಈ ಹೊಟ್ಟೆಗೆ ಇನ್ನೇನಾದ್ರೂ ದಾರಿ ಐತಾ, ಒಸಿ ಹೇಳಿ."

ಆ ಹೊಟ್ಟೆಗೆ ಹೇಳಬೇಕಾದ್ದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಯಜಮಾನ ತನ್ನ ತಟ್ಟೆಯ ಮೇಲೆ ಟವೆಲ್ಲು ಎಳೆದುಕೊಂಡ. ನಾನೂ ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಮುದ್ದೆಯ ಮೇಲೆ ಮುಚ್ಚಿದೆ.

"ಹುಣಸೆಹಣ್ಣು ನೋಡ್ತಿದೀವಪ್ಪ" ಎಂದೆ. "ನೀನು ಬಸ್ಸು ತೆಗಿ, ಹೊತ್ತಾಯ್ತು."